ಅಪ್ಪಯ್ಯನಿಗೆ ಇ-ರೀಡರ್: ಕನ್ನಡ ಓದಲು ಯಾವುದು ಸರಿ? ಬೀಗ ಹಾಕಿದ ಪುಸ್ತಕಗಳ ಕತೆ ಏನು?

ಶಿರಸಿಮಗಳು

ನಮಸ್ಕಾರ ಎಲ್ಲರಿಗೂ. ಅಪ್ಪಯ್ಯನಿಗೆ ಒಂದು ಇ-ರೀಡರ್ ಕೊಡಿಸಬೇಕು ಅಂತಿದ್ದೇನೆ. ಹೈಸ್ಕೂಲ್ ಮೇಷ್ಟ್ರಾಗಿದ್ದವರು, ಈಗ ನಿವೃತ್ತಿ. ಊಟ ತಿಂಡಿ ಬಿಟ್ಟರೆ ಪುಸ್ತಕವೇ. ಪೊರೆ ತೆಗೆಸಿದ ಮೇಲೂ ಸಣ್ಣ ಅಕ್ಷರ ಓದುವುದು ಕಷ್ಟ. ಮೊಬೈಲ್‌ನಲ್ಲಿ ದೊಡ್ಡದು ಮಾಡಿಕೊಂಡು ಓದಿದರೆ ರಾತ್ರಿ ಕಣ್ಣುರಿ ಅನ್ನುತ್ತಾರೆ.

ಓದುವುದು ಹೆಚ್ಚುಕಮ್ಮಿ ಎಲ್ಲ ಕನ್ನಡವೇ. ಕಾದಂಬರಿ, ಆತ್ಮಕತೆ, ಹಳೇ ಯಕ್ಷಗಾನ ಪ್ರಸಂಗದ ಪ್ರತಿಗಳು. ಬಜೆಟ್ 20 ಸಾವಿರದ ಆಸುಪಾಸು. ಅಂಗಡಿಯವರು "ಕಿಂಡಲ್ ತಗೊಳ್ಳಿ ಮೇಡಂ, ಎಲ್ಲ ಭಾಷೆನೂ ಬರುತ್ತೆ" ಅಂದರು. ನಂಬಬಹುದಾ?

ಎಂಟನೇ ಅಡ್ಡರಸ್ತೆ

ಓದುವ ಅನುಭವ ಮಾತ್ರ ಕೇಳಿದರೆ ಕಿಂಡಲ್ ಪೇಪರ್‌ವೈಟ್ ಕಣ್ಣು ಮುಚ್ಚಿ ತಗೊಳ್ಳಿ. 2025ರಲ್ಲಿ ಇಲ್ಲಿಗೆ ಬಂದ ಮಾಡೆಲ್‌ಗೆ 7 ಇಂಚಿನ ಪರದೆ ಇದೆ. ಬಿಡುಗಡೆಯಾದಾಗ ಬೆಲೆ ₹16,999. ಇ-ಇಂಕ್ ಪರದೆ ಫೋನಿನ ಹಾಗೆ ಹಿಂದಿನಿಂದ ಬೆಳಕು ಬಿಡುವುದಿಲ್ಲ. ಬಿಸಿಲಲ್ಲೂ ಕಾಗದದಷ್ಟೇ ಸ್ಪಷ್ಟ. ಜಗಲಿ ಮೇಲೆ ಕೂತು ಓದುವವರಿಗೆ ಹೇಳಿ ಮಾಡಿಸಿದ್ದು. ಚಾರ್ಜು ವಾರಗಟ್ಟಲೆ ಬರುತ್ತದೆ.

ಕಿಂಡಲ್ ಇಪಬ್ (ಅಕ್ಷರ ಹಿಗ್ಗಿಸಿ ಓದಬಹುದಾದ ಇ-ಪುಸ್ತಕದ ಫೈಲ್) ಓದಲ್ಲ ಅನ್ನುವುದು ಹಳೇ ಮಾತು. 2022ರಿಂದ ಅಮೆಜಾನ್‌ನ "ಸೆಂಡ್ ಟು ಕಿಂಡಲ್" ಮೂಲಕ ಇಪಬ್ ಕಳಿಸಬಹುದು. ಅವರೇ ಬದಲಾಯಿಸಿ ಸಾಧನಕ್ಕೆ ಇಳಿಸುತ್ತಾರೆ.

ಮೂಡುಮನೆ

@ಎಂಟನೇ ಅಡ್ಡರಸ್ತೆ, ನೀವು ಹೇಳಿದ್ದೆಲ್ಲ ಇಂಗ್ಲಿಷ್ ಓದುವವರಿಗೆ ನಿಜ. ಅಕ್ಕನ ಅಪ್ಪಯ್ಯ ಓದುವುದು ಕನ್ನಡ.

2016ರ ಡಿಸೆಂಬರ್‌ನಲ್ಲಿ ಅಮೆಜಾನ್ ಭಾರತೀಯ ಭಾಷೆಗಳ ಕಿಂಡಲ್ ಪುಸ್ತಕ ತಂದಾಗ ಐದು ಭಾಷೆ ಸೇರಿಸಿತ್ತು. ಹಿಂದಿ, ತಮಿಳು, ಮರಾಠಿ, ಗುಜರಾತಿ, ಮಲಯಾಳಂ. ಕನ್ನಡ ಇರಲಿಲ್ಲ, ತೆಲುಗೂ ಇರಲಿಲ್ಲ. ಅಲ್ಲಿ ಜಾಗ ಸಿಗದ್ದಕ್ಕೆ ಕನ್ನಡ ಇ-ಪುಸ್ತಕದ ವ್ಯಾಪಾರ ಬೇರೆ ಕಡೆ ಬೆಳೆಯಿತು. ಈಗ ಮೈಲ್ಯಾಂಗ್, ವಿವಿಡ್‌ಲಿಪಿ, ಗೂಗಲ್ ಪ್ಲೇ ಬುಕ್ಸ್ ಇವೆ. ಇವುಗಳಲ್ಲಿ ಕೊಂಡ ಪುಸ್ತಕ ಸಾಮಾನ್ಯವಾಗಿ ಆಯಾ ಆಪ್‌ನೊಳಗೇ ಓದಬೇಕು. ಕಿಂಡಲ್‌ನಲ್ಲಿ ಆ ಆಪ್ ಹಾಕಲು ಆಗುವುದಿಲ್ಲ. ಸಾಧನ ಎಷ್ಟು ಚೆನ್ನಾಗಿದ್ದರೇನು, ಪುಸ್ತಕ ಒಳಗೆ ಬರಬೇಕಲ್ವಾ?

ಆದ್ದರಿಂದ ಮೊದಲು ಸಾಧನ ನೋಡಬೇಡಿ. ಅಪ್ಪಯ್ಯ ಮುಂದಿನ ವರ್ಷ ಓದಬೇಕು ಅಂದುಕೊಂಡ ಪುಸ್ತಕಗಳ ಪಟ್ಟಿ ಬರೆಸಿ. ಪ್ರತಿಯೊಂದೂ ಎಲ್ಲಿ ಸಿಗುತ್ತದೆ, ಯಾವ ರೂಪದಲ್ಲಿ ಸಿಗುತ್ತದೆ ಅಂತ ಪಕ್ಕದಲ್ಲಿ ಗುರುತು ಮಾಡಿ. ಉತ್ತರ ಆ ಪಟ್ಟಿಯಲ್ಲೇ ಇರುತ್ತದೆ.

ಶಿರಸಿಮಗಳು

ಪಟ್ಟಿ ಮಾಡಿಸಿದೆ. ಖುಷಿಯಿಂದ ಎರಡು ಪುಟ ಬರೆದುಕೊಟ್ಟರು! ಹುಡುಕಿದರೆ ಹೊಸ ಕಾದಂಬರಿಗಳು ಆಪ್‌ಗಳಲ್ಲಿ ಇವೆ. ಹಳೆಯವು ಸ್ಕ್ಯಾನ್ ಮಾಡಿದ ಪಿಡಿಎಫ್. ಪ್ರಸಂಗಗಳಂತೂ ಎಲ್ಲವೂ ಸ್ಕ್ಯಾನ್. ಇಪಬ್ ಅಂತ ಕೈಗೆ ಸಿಗುವುದು ಬಹಳ ಕಡಿಮೆ. ಕನ್ನಡದಲ್ಲಿ ಇಪಬ್ ಯಾಕೆ ಇಷ್ಟು ಅಪರೂಪ?

ಅಕ್ಷರಜೋಡಣೆ

ಇದಕ್ಕೆ ನಾನು ಉತ್ತರ ಕೊಡುತ್ತೇನೆ. ಡಿಟಿಪಿ ಮಾಡಿಯೇ ಹೊಟ್ಟೆ ಹೊರೆದವನು.

ನಮ್ಮಲ್ಲಿ ಬಹಳ ವರ್ಷ ಪುಸ್ತಕ ತಯಾರಾಗಿದ್ದು ಪೇಜ್‌ಮೇಕರ್ ಅನ್ನುವ ಪುಟ ಜೋಡಿಸುವ ತಂತ್ರಾಂಶದಲ್ಲಿ. ಅಕ್ಷರಗಳು ನುಡಿ, ಬರಹ ಅಥವಾ ಶ್ರೀಲಿಪಿ ಎಂಬ ಕನ್ನಡ ತಂತ್ರಾಂಶದ್ದು. ಆಗಿನ ಆ ಫಾಂಟ್‌ಗಳು ಯುನಿಕೋಡ್ (ಪ್ರತಿ ಭಾಷೆಯ ಅಕ್ಷರಕ್ಕೂ ಅದರದೇ ಸಂಕೇತ ಕೊಡುವ ಪದ್ಧತಿ) ಅಲ್ಲ. ಕಂಪ್ಯೂಟರ್ ಪಾಲಿಗೆ ಅಲ್ಲಿರುವುದು ಇಂಗ್ಲಿಷ್ ಅಕ್ಷರ ಮತ್ತು ಚಿಹ್ನೆಗಳ ರಾಶಿ. ಫಾಂಟ್ ಅದಕ್ಕೆ ಕನ್ನಡದ ಮುಖವಾಡ ಹಾಕಿರುತ್ತದೆ ಅಷ್ಟೆ. ಅಚ್ಚಿಗೆ ಅದು ಸಾಕು. ಪಿಡಿಎಫ್‌ಗೂ ಸಾಕು. ಆ ಪಿಡಿಎಫ್‌ನಿಂದ ಒಂದು ಸಾಲು ಕಾಪಿ ಮಾಡಿ ವಾಟ್ಸಾಪ್‌ಗೆ ಅಂಟಿಸಿ ನೋಡಿ, ಬಂಡವಾಳ ಗೊತ್ತಾಗುತ್ತದೆ.

ಇಪಬ್ ಮಾಡಬೇಕಾದರೆ ನಿಜವಾದ ಯುನಿಕೋಡ್ ಪಠ್ಯ ಬೇಕು. ಬದಲಾಯಿಸುವ ತಂತ್ರಾಂಶಗಳಿವೆ. ಆದರೆ ಅರ್ಕಾವತ್ತು ಜಾಗ ತಪ್ಪುತ್ತದೆ, ಒತ್ತಕ್ಷರ ಪಕ್ಕದ ಅಕ್ಷರಕ್ಕೆ ಜಿಗಿಯುತ್ತದೆ, ದೀರ್ಘದ ಚಿಹ್ನೆ ಕಾಣೆಯಾಗುತ್ತದೆ. ನಡುವೆ ಒಂದು ಇಂಗ್ಲಿಷ್ ಪದ ಇದ್ದರೆ ಅದೂ ಕನ್ನಡವಾಗಿ ಕೂರುತ್ತದೆ. ಮತ್ತೆ ಪೂರ್ತಿ ಕರಡು ತಿದ್ದಬೇಕು. 300 ಪುಟದ ಕಾದಂಬರಿಗೆ ಅದು ಹೊಸ ಪುಸ್ತಕ ಮಾಡಿದಷ್ಟೇ ಕೆಲಸ. ಪ್ರಕಾಶಕರು ಅದಕ್ಕೆ ಬೇರೆ ದುಡ್ಡು ಕೊಡಬೇಕು. ಕೊಡುವವರು ಎಷ್ಟು ಜನ? "ಪಿಡಿಎಫ್ ಇದೆಯಲ್ಲ ಗುರು, ಅದನ್ನೇ ಹಾಕು" ಅನ್ನುತ್ತಾರೆ.

ಹಾಗಾಗಿ ಇ-ಪುಸ್ತಕ ಅಂತ ಮಾರುವುದೆಲ್ಲ ಒಂದೇ ತರ ಅಲ್ಲ. ಒಳಗೆ ಪುಟದ ಚಿತ್ರವೇ ಇದ್ದರೆ ಅಕ್ಷರ ದೊಡ್ಡದು ಮಾಡಲು ಆಗುವುದಿಲ್ಲ. ಗೂಗಲ್ ಪ್ಲೇ ಬುಕ್ಸ್‌ನಲ್ಲಿ ಹರಿಯುವ ಪಠ್ಯವೋ, ಮೂಲ ಪುಟವೋ ಅಂತ ಪುಸ್ತಕದ ವಿವರದಲ್ಲಿ ಹಾಕಿರುತ್ತಾರೆ. ಎಲ್ಲೇ ಕೊಂಡರೂ ಮೊದಲು ಉಚಿತ ಸ್ಯಾಂಪಲ್ ತೆರೆದು ಅಕ್ಷರ ಹಿಗ್ಗಿಸಿ ನೋಡಿ. ಸಾಲುಗಳು ಹೊಸದಾಗಿ ಹೊಂದಿಕೊಂಡರೆ ಸರಿ. ಪುಟವೇ ಹೊರಗೆ ಜಾರಿದರೆ ಅದು ಚಿತ್ರ.

ಧಾರವಾಡ ಫೇಡೆ

ಭಾಳ ಛಲೋ ವಿವರಣೆ ರೀ. ಆದರೆ ಆಪ್‌ಗಳನ್ನ ನಂಬಿ ಪುಸ್ತಕ ಕೊಳ್ಳುವುದರ ಬಗ್ಗೆ ಒಂದು ಮಾತು.

ಕೆಲವು ವರ್ಷಗಳ ಹಿಂದೆ ಒಂದು ಆಪ್‌ನಲ್ಲಿ ಕನ್ನಡ ಪುಸ್ತಕ ಅಗ್ಗದಲ್ಲಿ ಸಿಗುತ್ತಿದ್ದವು. ಸಾಕಷ್ಟು ಕೊಂಡೆ. ಒಂದು ದಿನ ಅವರು ಪುಸ್ತಕದ ವಿಭಾಗವನ್ನೇ ಮುಚ್ಚಿದರು. ಫೋನ್ ಬದಲಾಯಿಸಿದ ಮೇಲೆ ಒಂದೂ ತೆರೆಯಲಿಲ್ಲ. ದುಡ್ಡೂ ಇಲ್ಲ, ಪುಸ್ತಕವೂ ಇಲ್ಲ. ಅವತ್ತಿಂದ ನಾನು ಆಪ್‌ನಲ್ಲಿ ಕೊಳ್ಳುವುದು ಒಮ್ಮೆ ಓದಿ ಬಿಡುವಂಥವನ್ನು ಮಾತ್ರ. ಇಟ್ಟುಕೊಳ್ಳುವಂಥದ್ದು ಕಾಗದದಲ್ಲಿ. ಡಿಆರ್‌ಎಂ, ಅಂದರೆ ನಕಲು ತಡೆಯುವ ಡಿಜಿಟಲ್ ಬೀಗ, ಇರುವ ಪುಸ್ತಕ ಬಾಡಿಗೆ ಮನೆ ಇದ್ದ ಹಾಗೆ. ಗೋಡೆಗೆ ಮೊಳೆ ಹೊಡೆಯಲೂ ಮಾಲೀಕರನ್ನ ಕೇಳಬೇಕು.

ಫ್ರೀಮಾಂಟ್ ಕನ್ನಡಿಗ

ದೊಡ್ಡವರೂ ಇದನ್ನೇ ಮಾಡಿದ್ದಾರೆ. 2009ರ ಜುಲೈನಲ್ಲಿ ಅಮೆಜಾನ್ ಜನ ದುಡ್ಡು ಕೊಟ್ಟು ಕೊಂಡಿದ್ದ ಜಾರ್ಜ್ ಆರ್ವೆಲ್‌ನ ಎರಡು ಪುಸ್ತಕಗಳನ್ನು ಅವರ ಕಿಂಡಲ್‌ನಿಂದ ದೂರದಿಂದಲೇ ಅಳಿಸಿತು. ಮಾರಿದವನಿಗೆ ಹಕ್ಕು ಇರಲಿಲ್ಲ ಅನ್ನುವುದು ಕಾರಣ. ಅಳಿಸಿದ್ದರಲ್ಲಿ ಒಂದು "1984"! ಆಮೇಲೆ ಆಗಿನ ಅಮೆಜಾನ್ ಮುಖ್ಯಸ್ಥ ಬೆಜೋಸ್ ಕ್ಷಮೆ ಕೇಳಿದರು. 2019ರಲ್ಲಿ ಮೈಕ್ರೋಸಾಫ್ಟ್ ತನ್ನ ಇ-ಪುಸ್ತಕದ ಅಂಗಡಿ ಮುಚ್ಚಿತು. ದುಡ್ಡು ವಾಪಸ್ ಕೊಟ್ಟರು, ಪುಸ್ತಕಗಳು ಹೋದವು.

2025ರ ಫೆಬ್ರವರಿ 26ರಿಂದ ಇನ್ನೊಂದು ಬದಲಾವಣೆ. ಕೊಂಡ ಕಿಂಡಲ್ ಪುಸ್ತಕವನ್ನು ಕಂಪ್ಯೂಟರ್‌ಗೆ ಇಳಿಸಿ ಯುಎಸ್‌ಬಿ ಕೇಬಲ್‌ನಿಂದ ಹಾಕಿಕೊಳ್ಳುವ ಅವಕಾಶ ತೆಗೆದರು. ಈಗ ವೈಫೈ ಮೂಲಕ ಸಾಧನಕ್ಕೆ ಅಥವಾ ಆಪ್‌ಗೆ ಮಾತ್ರ ಬರುತ್ತದೆ. ನಿಮ್ಮದೇ ಫೈಲನ್ನು ಕೇಬಲ್‌ನಿಂದ ಹಾಕಲು ಈಗಲೂ ತೊಂದರೆ ಇಲ್ಲ. ಇವೆರಡನ್ನ ಜನ ಗೊಂದಲ ಮಾಡಿಕೊಳ್ಳುತ್ತಾರೆ. ಇಲ್ಲಿ ಕ್ಯಾಲಿಫೋರ್ನಿಯಾದಲ್ಲಂತೂ 2025ರ ಜನವರಿಯಿಂದ ಕಾನೂನೇ ಬಂದಿದೆ. ಡಿಜಿಟಲ್ ವಸ್ತುವನ್ನ "ಕೊಳ್ಳಿ" ಅಂತ ಮಾರುವಾಗ ಕೊಡುತ್ತಿರುವುದು ಪರವಾನಗಿ ಮಾತ್ರ ಅಂತ ಸ್ಪಷ್ಟವಾಗಿ ಹೇಳಬೇಕು.

ನಾನು ಬಳಸುವುದು ಕೋಬೋ ಅನ್ನುವ ಇ-ರೀಡರ್. ಇಪಬ್ ನೇರವಾಗಿ ತೆರೆಯುತ್ತದೆ. ಲೈಬ್ರರಿ ಪುಸ್ತಕ ಸಾಧನದಿಂದಲೇ ಎರವಲು ಪಡೆಯಬಹುದು. ಆದರೆ ಅದೆಲ್ಲ ಇಂಗ್ಲಿಷಿಗೆ. ಊರಲ್ಲಿ ಕೋಬೋ ಬೇಕಾದರೆ ಯಾರಾದರೂ ಹೊರಗಿನಿಂದ ತರಬೇಕು.

ಎಂಟನೇ ಅಡ್ಡರಸ್ತೆ

ಎಲ್ಲರೂ ಸೇರಿ ಹೆದರಿಸಬೇಡಿ ಸ್ವಾಮಿ. ಕಿಂಡಲ್‌ನಲ್ಲಿ ನೂರಾರು ಪುಸ್ತಕ ಓದಿದ್ದೇನೆ, ಒಂದೂ ಅಳಿಸಿ ಹೋಗಿಲ್ಲ. ಬೀಗ ಇಲ್ಲದಿದ್ದರೆ ಬರೆಯುವವನ ಗತಿ ಏನು ಅಂತಲೂ ಯೋಚನೆ ಮಾಡಿ. ಪುಸ್ತಕ ಕದ್ದು ಹಂಚುವ ಟೆಲಿಗ್ರಾಂ ಗುಂಪುಗಳನ್ನು ನೋಡಿದ್ದೀರಾ?

ಪುಟ್ಟ ಪ್ರಕಾಶನ

ನೋಡಿದ್ದೇವೆ ಸರ್, ನಮ್ಮ ಪುಸ್ತಕವೇ ಅಲ್ಲಿತ್ತು. ಸಾವಿರ ಪ್ರತಿ ಅಚ್ಚು ಹಾಕಿಸಿ, ಅದು ಖರ್ಚಾಗಲು ವರ್ಷಗಟ್ಟಲೆ ಕಾಯುವವರು ನಾವು. ಹೊಟ್ಟೆ ಉರಿಯದೆ ಇರುತ್ತದಾ?

ಆದರೆ ಗಮನಿಸಿ. ಹರಿದಾಡುತ್ತಿದ್ದದ್ದು ಇ-ಪುಸ್ತಕವಲ್ಲ. ಯಾರೋ ಕಾಗದದ ಪ್ರತಿಯನ್ನು ಮೊಬೈಲ್‌ನಲ್ಲಿ ಫೋಟೋ ಹೊಡೆದು ಪಿಡಿಎಫ್ ಮಾಡಿದ್ದರು. ಒಂದು ಪುಟದಲ್ಲಿ ಅವರ ಹೆಬ್ಬೆರಳೂ ಇತ್ತು. ಇದಕ್ಕೆ ಯಾವ ಡಿಆರ್‌ಎಂ ಹಾಕಲಿ? ಬೀಗ ಅಡ್ಡ ಬರುವುದು ದುಡ್ಡು ಕೊಟ್ಟ ಓದುಗನಿಗೇ. ನಾವು ಈಗ ನೇರವಾಗಿ ಕೇಳಿದವರಿಗೆ ಬೀಗವಿಲ್ಲದ ಇಪಬ್ ಕೊಡುತ್ತಿದ್ದೇವೆ. ಒಳಪುಟದಲ್ಲಿ ಕೊಂಡವರ ಹೆಸರು ಹಾಕುತ್ತೇವೆ, ಅಷ್ಟೆ. ಹೆಸರು ಇದ್ದರೆ ಜನ ಹಂಚಲು ಸ್ವಲ್ಪ ಸಂಕೋಚ ಪಡುತ್ತಾರೆ. ಶಿರಸಿಯವರೇ, ಪಟ್ಟಿಯಲ್ಲಿರುವ ಸಣ್ಣ ಪ್ರಕಾಶಕರಿಗೆ ಒಂದು ಫೋನ್ ಮಾಡಿ ನೋಡಿ. ಕೇಳಿದರೆ ಕೊಡುವವರು ಇದ್ದಾರೆ.

ಚಹಾಪುಡಿ

ಸುಮ್ನೆ ಇಷ್ಟೆಲ್ಲ ಯಾಕೆ? ಬೀಗ ತೆಗೆಯುವ ತಂತ್ರಾಂಶ ಸಿಗುತ್ತದೆ. ಯಾರಾದರೂ ಲಿಂಕ್ ಹಾಕಿ, ಮುಗೀತು.

ನಿರ್ವಾಹಕ

ಲಿಂಕ್ ಬೇಡ. ಇಲ್ಲಿನ ನಿಯಮ ಅದು. ಆದರೆ ಕಾನೂನು ಏನು ಹೇಳುತ್ತದೆ ಅಂತ ಮಾತಾಡಲು ಅಡ್ಡಿ ಇಲ್ಲ.

ನಮ್ಮ ಹಕ್ಕುಸ್ವಾಮ್ಯ ಕಾಯ್ದೆಗೆ 2012ರಲ್ಲಿ 65ಎ ಕಲಂ ಸೇರಿತು. ಹಕ್ಕು ಉಲ್ಲಂಘಿಸುವ ಉದ್ದೇಶದಿಂದ ತಾಂತ್ರಿಕ ಬೀಗ ಮುರಿದರೆ 2 ವರ್ಷದವರೆಗೆ ಜೈಲು, ಜೊತೆಗೆ ದಂಡ. "ಉದ್ದೇಶ" ಅನ್ನುವ ಮಾತು ಇಲ್ಲಿ ಮುಖ್ಯ. ಕಾಯ್ದೆ ಸ್ಪಷ್ಟವಾಗಿ ನಿಷೇಧಿಸದ ಕೆಲಸಕ್ಕಾಗಿ ಮಾಡಿದರೆ ಅಡ್ಡಿ ಇಲ್ಲ ಅಂತಲೂ ಅದೇ ಕಲಂನಲ್ಲಿದೆ. ಅಮೆರಿಕದ 1998ರ ಹಕ್ಕುಸ್ವಾಮ್ಯ ಕಾಯ್ದೆ ಡಿಎಂಸಿಎ ಇದಕ್ಕಿಂತ ಬಿಗಿ. ಅಲ್ಲಿ ಬೀಗ ಮುರಿಯುವುದೇ ತಪ್ಪು, ವಿನಾಯಿತಿಗಳನ್ನು ಮೂರು ವರ್ಷಕ್ಕೊಮ್ಮೆ ಪರಿಶೀಲಿಸುತ್ತಾರೆ. ಹಾಗಂತ ಇಲ್ಲಿ ಪೂರ್ತಿ ಬಿಡುಗಡೆ ಅಂದುಕೊಳ್ಳಬೇಡಿ. ಕೊಳ್ಳುವಾಗ ಒಪ್ಪಿದ ಷರತ್ತು ಬೇರೆಯೇ ಇರುತ್ತದೆ. ಖಾತೆ ಮುಚ್ಚಿದರೆ ಕೊಂಡದ್ದೆಲ್ಲ ಹೋಗುತ್ತದೆ.

ಕಿವಿಯೋದು

ನಾನು ಪೂರ್ತಿ ದೃಷ್ಟಿ ಇಲ್ಲದವನು. ಪರದೆಯ ಪಠ್ಯವನ್ನು ಓದಿ ಹೇಳುವ ಸ್ಕ್ರೀನ್ ರೀಡರ್‌ನಿಂದ ಓದುತ್ತೇನೆ. ನಿಮ್ಮ ಚರ್ಚೆಯಲ್ಲಿ ನಮ್ಮ ಪಾಡೂ ಸೇರಲಿ.

ಸ್ಕ್ಯಾನ್ ಪಿಡಿಎಫ್ ನಮಗೆ ಖಾಲಿ ಹಾಳೆ. ನುಡಿ ಫಾಂಟಿನ ಪಿಡಿಎಫ್ ಇನ್ನೂ ಮಜಾ. ಯಂತ್ರ "ಪಿ ಡಬ್ಲ್ಯೂ ಎನ್ ಸ್ಲ್ಯಾಶ್" ಅಂತ ಏನೇನೋ ಓದುತ್ತದೆ. ಕೆಲವು ಆಪ್‌ಗಳು ನಕಲು ತಡೆಯಲು ಪಠ್ಯವನ್ನೇ ಮುಚ್ಚಿಡುತ್ತವೆ. ಕಳ್ಳನಿಗೆ ಹಾಕಿದ ಬೀಗ ಕುರುಡನನ್ನೂ ಹೊರಗಿಟ್ಟಿತು. ಕಾನೂನು ನಮ್ಮ ಪರ ಇದೆ. 2012ರ ತಿದ್ದುಪಡಿಯಲ್ಲಿ 52(1)(ಝಡ್‌ಬಿ) ಅಂತ ಬಂತು. ಅಂಗವಿಕಲರಿಗಾಗಿ ಓದಲು ಆಗುವ ರೂಪಕ್ಕೆ ಪುಸ್ತಕ ಬದಲಾಯಿಸುವುದು ಉಲ್ಲಂಘನೆ ಅಲ್ಲ. ನಮ್ಮಂಥವರಿಗೆ ಪುಸ್ತಕ ಸಿಗಲಿ ಅಂತ ದೇಶಗಳು ಮಾಡಿಕೊಂಡ ಮರಾಕೇಶ್ ಒಪ್ಪಂದವನ್ನು 2014ರಲ್ಲಿ ಮೊದಲು ಅನುಮೋದಿಸಿದ ದೇಶ ಭಾರತವೇ. ಸುಗಮ್ಯ ಪುಸ್ತಕಾಲಯ ಅಂತ ಆನ್‌ಲೈನ್ ಗ್ರಂಥಾಲಯವೂ 2016ರಿಂದ ಇದೆ.

ಶಿರಸಿ ಅಕ್ಕ, ನಿಮ್ಮ ಅಪ್ಪಯ್ಯನ ದೃಷ್ಟಿ ಮುದ್ರಿತ ಪುಸ್ತಕ ಓದಲು ಆಗದಷ್ಟು ಕಡಿಮೆ ಇದ್ದರೆ ಅವರೂ ಅಲ್ಲಿ ಸದಸ್ಯರಾಗಬಹುದಾ ಅಂತ ವಿಚಾರಿಸಿ.

ಶಿರಸಿಮಗಳು

ತುಂಬಾ ಥ್ಯಾಂಕ್ಸ್ ಅಣ್ಣ. ಅಷ್ಟು ಕಡಿಮೆ ಇಲ್ಲ, ದೊಡ್ಡಕ್ಷರ ಇದ್ದರೆ ಸಾಕು. ಹಾಗಾದರೆ ಸ್ಕ್ಯಾನ್ ಪಿಡಿಎಫ್‌ಗೆ ಎಷ್ಟು ದೊಡ್ಡ ಪರದೆ ಬೇಕು?

ಮೂಡುಮನೆ

ಲೆಕ್ಕ ಹಾಕೋಣ. ನಮ್ಮ ಕಾದಂಬರಿಗಳು ಬಹುತೇಕ ಡೆಮಿ 1/8. ಸುಮಾರು 5.5 × 8.5 ಇಂಚು. ಸುತ್ತಲಿನ ಬಿಳಿ ಅಂಚು ಕತ್ತರಿಸಿದರೆ ಅಕ್ಷರ ಇರುವ ಜಾಗ ಸುಮಾರು 4 × 6.5.

6 ಇಂಚಿನ ಪರದೆ ಅಂದರೆ ಮೂಲೆಯಿಂದ ಮೂಲೆಗೆ 6. ಎತ್ತರ 4.8, ಅಗಲ 3.6. ಅಂಚು ಕತ್ತರಿಸಿದರೂ ಪುಟ ಮುಕ್ಕಾಲು ಭಾಗಕ್ಕೆ ಕುಗ್ಗುತ್ತದೆ. ಅಚ್ಚಿನ 12 ಪಾಯಿಂಟ್ ಅಳತೆಯ ಅಕ್ಷರ 9 ಪಾಯಿಂಟ್ ಆಗುತ್ತದೆ. ಅಪ್ಪಯ್ಯ ಎರಡೇ ದಿನಕ್ಕೆ ಬಿಸಾಡುತ್ತಾರೆ. 7.8 ಇಂಚಿನಲ್ಲಿ ಹೆಚ್ಚುಕಮ್ಮಿ ಅಚ್ಚಿನಷ್ಟೇ ಕಾಣುತ್ತದೆ. 10.3ರಲ್ಲಿ 12 ಪಾಯಿಂಟ್ 15ರ ಹತ್ತಿರ ಹೋಗುತ್ತದೆ, ಆದರೆ ಮಲಗಿಕೊಂಡು ಹಿಡಿಯಲು ಭಾರ, ದುಡ್ಡೂ ಜಾಸ್ತಿ.

ಒಂದು ಉಪಾಯ ಇದೆ. ಸಾಧನವನ್ನು ಅಡ್ಡ ತಿರುಗಿಸಿ, ಒಂದು ಸಲಕ್ಕೆ ಅರ್ಧ ಪುಟ ಓದುವುದು. ಆಗ 7.8 ಇಂಚಿನಲ್ಲೇ 12 ಪಾಯಿಂಟ್ ಸುಮಾರು 18 ಆಗುತ್ತದೆ. ವಯಸ್ಸಾದವರಿಗೆ ಇದು ಚೆನ್ನಾಗಿ ಒಗ್ಗುತ್ತದೆ. ಕೆಓರೀಡರ್ ಅಂತ ಪುಸ್ತಕ ಓದಲು ಉಚಿತ, ಮುಕ್ತ ತಂತ್ರಾಂಶ ಇದೆ. ಕೋಬೋ, ಪಾಕೆಟ್‌ಬುಕ್ ಇ-ರೀಡರ್‌ಗಳಲ್ಲಿ, ಆಂಡ್ರಾಯ್ಡ್‌ನಲ್ಲಿ ನಡೆಯುತ್ತದೆ. ಅಂಚು ತಾನೇ ಕತ್ತರಿಸುತ್ತದೆ. ಸ್ಕ್ಯಾನ್ ಪುಟದ ಪದಗಳನ್ನು ಬಿಡಿಸಿ ಹೊಸ ಸಾಲಾಗಿ ಜೋಡಿಸುವ ಸೌಲಭ್ಯವೂ ಇದೆ. ಆದರೆ ಕನ್ನಡದ ಒತ್ತಕ್ಷರ ಕೆಳಗಿನ ಸಾಲಿಗೆ ತಾಗಿಕೊಂಡಿದ್ದರೆ ಅದು ಎಡವುತ್ತದೆ. ಪ್ರಸಂಗದ ಪದ್ಯಕ್ಕೆ ಅದನ್ನ ಹಚ್ಚಲೇಬೇಡಿ, ಸಾಲು ಒಡೆದು ತಾಳವೇ ತಪ್ಪುತ್ತದೆ.

ಫ್ರೀಮಾಂಟ್ ಕನ್ನಡಿಗ

ಹಾಗಾದರೆ ನೇರವಾಗಿ ಆಂಡ್ರಾಯ್ಡ್ ಇರುವ ಇ-ಇಂಕ್ ಸಾಧನ ನೋಡಿ. ಓನಿಕ್ಸ್ ಬೂಕ್ಸ್ ಅಂಥವು. ಕನ್ನಡದ ಆಪ್‌ಗಳು, ಪ್ಲೇ ಬುಕ್ಸ್, ಕಿಂಡಲ್ ಆಪ್, ಕೆಓರೀಡರ್ ಎಲ್ಲ ಒಂದರಲ್ಲೇ. ಬೀಗ ಯಾರದ್ದೇ ಇರಲಿ, ಅವರ ಆಪ್ ಹಾಕಿಕೊಂಡರೆ ಆಯಿತು.

ತೊಡಕೂ ಹೇಳುತ್ತೇನೆ. ಚಾರ್ಜು ಕಿಂಡಲ್‌ನಷ್ಟು ಬರುವುದಿಲ್ಲ. ಫೋನಿಗಾಗಿ ಮಾಡಿದ ಆಪ್‌ನಲ್ಲಿ ಪುಟ ಜಾರುವ ಅನಿಮೇಶನ್ ಇದ್ದರೆ ಇ-ಇಂಕ್‌ನಲ್ಲಿ ಹಿಂದಿನ ಪುಟದ ನೆರಳು ಉಳಿಯುತ್ತದೆ. ಆಂಡ್ರಾಯ್ಡ್ ಆವೃತ್ತಿ ಹಳೆಯದಾಗುತ್ತಾ ಹೋದ ಹಾಗೆ ಆಪ್‌ಗಳು ನಿಲ್ಲಬಹುದು. ವಾರಂಟಿ ಯಾರು ಕೊಡುತ್ತಾರೆ ಅಂತ ಮೊದಲೇ ಕೇಳಿ. ನಿಮ್ಮ ಬಜೆಟ್ ಸ್ವಲ್ಪ ಮೀರಬಹುದು.

ಅಕ್ಷರಜೋಡಣೆ

ಯಾವ ಸಾಧನವಾದರೂ ಸರಿ, ಕೊಳ್ಳುವ ಮುಂಚೆ ಒಂದು ಪರೀಕ್ಷೆ ಮಾಡಿ. ಈ ಪದಗಳನ್ನು ಟೈಪ್ ಮಾಡಿ ಕ್ಯಾಲಿಬರ್ ಅನ್ನುವ ಇ-ಪುಸ್ತಕ ತಂತ್ರಾಂಶದಲ್ಲಿ ಇಪಬ್ ಮಾಡಿಕೊಳ್ಳಿ: ಸ್ತ್ರೀ, ರಾಷ್ಟ್ರ, ಧರ್ಮ, ಕೃಷ್ಣ, ಜ್ಞಾನ, ಲಕ್ಷ್ಮಿ, ವೈಶಿಷ್ಟ್ಯ, ಕರ್ತೃತ್ವ. ಗೊತ್ತಿದ್ದವರ ಸಾಧನದಲ್ಲಿ ತೆರೆದು ನೋಡಿ. ಒತ್ತು ಕೆಳಗೆ ಕೂತಿದೆಯಾ, ಅರ್ಕಾವತ್ತು ಅಕ್ಷರದ ಬಲಕ್ಕೆ ಬಂದಿದೆಯಾ?

ಫಾಂಟ್ ಹಾಕಿದರೆ ಎಲ್ಲ ಸರಿಯಾಗುತ್ತದೆ ಅನ್ನುವುದು ಅರ್ಧ ಸತ್ಯ. ಫಾಂಟ್ ಅಕ್ಷರದ ಆಕಾರ ಕೊಡುತ್ತದೆ. ಯಾವುದನ್ನು ಎಲ್ಲಿ ಕೂರಿಸಬೇಕು ಅಂತ ನೋಡುವುದು ಸಾಧನದ ಒಳಗಿನ ತಂತ್ರಾಂಶ. ಅದಕ್ಕೆ ಕನ್ನಡ ಗೊತ್ತಿಲ್ಲದಿದ್ದರೆ ಎಂಥ ಫಾಂಟ್ ಹಾಕಿದರೂ "ಸ್ತ್ರೀ" ಮೂರು ತುಂಡಾಗಿ ಬರುತ್ತದೆ. ಕೆಓರೀಡರ್ ಈ ವಿಷಯದಲ್ಲಿ ಚೆನ್ನಾಗಿದೆ. ಕೋಬೋದಲ್ಲಿ ಮಾಮೂಲಿ ಇಪಬ್ ಹದಗೆಟ್ಟು ಕಂಡರೆ ಕೆಪಬ್ (ಕೋಬೋದ್ದೇ ಇಪಬ್ ರೂಪ) ಮಾಡಿ ಹಾಕಿ ನೋಡಿ. ಅದನ್ನು ತೆರೆಯುವ ಎಂಜಿನ್ ಬೇರೆ.

ಮೂಡುಮನೆ

ಬೀಗದ ಗೋಜೇ ಇಲ್ಲದ ಪುಸ್ತಕಗಳನ್ನು ಮರೆಯಬೇಡಿ. ನಮ್ಮಲ್ಲಿ ಲೇಖಕರು ತೀರಿಕೊಂಡ ಮುಂದಿನ ವರ್ಷದಿಂದ ಎಣಿಸಿ 60 ವರ್ಷ ಆದ ಮೇಲೆ ಹಕ್ಕು ಮುಗಿಯುತ್ತದೆ. 1937ರಲ್ಲಿ ತೀರಿಕೊಂಡ ಪಂಜೆ ಮಂಗೇಶರಾಯರು, 1946ರಲ್ಲಿ ತೀರಿಕೊಂಡ ಬಿಎಂಶ್ರೀ ಮತ್ತು ಕೈಲಾಸಂ, ಇವರೆಲ್ಲ ಈಗ ಎಲ್ಲರಿಗೂ ಮುಕ್ತ. ಕುವೆಂಪು ತೀರಿಕೊಂಡದ್ದು 1994ರಲ್ಲಿ, ಹಾಗಾಗಿ 2054ರ ಕೊನೆಯವರೆಗೆ ಹಕ್ಕು ಇದೆ. ಯಾರಾದರೂ "ಹಳೇ ಪುಸ್ತಕ, ಫ್ರೀ" ಅಂತ ಕಳಿಸಿದರೆ ಈ ಲೆಕ್ಕ ಹಾಕಿ.

ಜನರೇ ಪಠ್ಯ ತಿದ್ದುವ ಉಚಿತ ಪುಸ್ತಕಗಳ ತಾಣ ಕನ್ನಡ ವಿಕಿಸೋರ್ಸ್‌ನಲ್ಲಿ ಇಪಬ್ ಆಗಿ ಇಳಿಸಿಕೊಳ್ಳುವ ಸೌಲಭ್ಯ ಇದೆ. ನಿಜವಾದ ಯುನಿಕೋಡ್, ಅಕ್ಷರ ಎಷ್ಟು ಬೇಕೋ ಅಷ್ಟು ಹಿಗ್ಗುತ್ತದೆ. ಅಲ್ಲಿ ಪುಟದ ಗುರುತಿನ ಬಣ್ಣ ನೋಡಿಕೊಳ್ಳಿ. ಹಸಿರು ಅಂದರೆ ಇಬ್ಬರು ತಿದ್ದಿದ್ದು, ಹಳದಿ ಅಂದರೆ ಒಬ್ಬರು. ಕೆಂಪಿದ್ದರೆ ಕರಡು ಯಾರೂ ನೋಡಿಲ್ಲ. ನಿವೃತ್ತ ಮೇಷ್ಟ್ರಲ್ವಾ, ಕೆಂಪು ಪುಟ ಕೊಟ್ಟರೆ ತಿದ್ದಲು ಕೂತುಬಿಡುತ್ತಾರೆ.

ಶಿರಸಿಮಗಳು

ಅಯ್ಯೋ, ಅದೊಂದು ಬಾಕಿ ಇತ್ತು! ನಿಜವಾಗಿ ಹೇಳಬೇಡಿ ಅವರಿಗೆ.

ತೀರ್ಮಾನಕ್ಕೆ ಬಂದೆ. ಅತ್ತೆಯ ಮಗನ ಹತ್ತಿರ 7.8 ಇಂಚಿನ ಆಂಡ್ರಾಯ್ಡ್ ಇ-ಇಂಕ್ ಸಾಧನ ಇದೆ. ಭಾನುವಾರ ತಂದಿದ್ದ. ಅಕ್ಷರಜೋಡಣೆ ಸರ್ ಕೊಟ್ಟ ಪದಗಳೆಲ್ಲ ಸರಿಯಾಗಿ ಬಂದವು. ಪ್ರಸಂಗದ ಪಿಡಿಎಫ್ ಅಡ್ಡ ಹಿಡಿದು ಕೊಟ್ಟೆ. ಕನ್ನಡಕ ಮೇಲೆತ್ತಿ ಒಂದು ಪದ್ಯ ಜೋರಾಗಿಯೇ ಹಾಡಿದರು. ಅವನು ಹೊಸದು ಕೊಳ್ಳುತ್ತಾನಂತೆ, ಹಳೆಯದನ್ನು ನಮಗೆ ಕೊಡಲು ಒಪ್ಪಿದ್ದಾನೆ. ಬಜೆಟ್ ಒಳಗೇ ಆಯಿತು. ಒಬ್ಬ ಪ್ರಕಾಶಕರು ಬೀಗವಿಲ್ಲದ ಇಪಬ್ ಕೊಡುತ್ತೇನೆ ಅಂದಿದ್ದಾರೆ. ಇನ್ನೊಬ್ಬರು ಫೋನಿನಲ್ಲೇ ಬೈದರು, ಇರಲಿ.

ಒಂದೇ ಪ್ರಶ್ನೆ ಉಳಿದಿದೆ. ಕೆಓರೀಡರ್‌ಗೆ ಕನ್ನಡ ಫಾಂಟ್ ಎಲ್ಲಿ ಹಾಕಬೇಕು, ಯಾವುದು ಒಳ್ಳೆಯದು?

ಅಕ್ಷರಜೋಡಣೆ

ಸಾಧನದ ಮೆಮೊರಿಯಲ್ಲಿ ಕೆಓರೀಡರ್ ಫೋಲ್ಡರ್ ಇರುತ್ತದೆ. ಅದರೊಳಗೆ ಫಾಂಟ್ಸ್ ಅಂತ ಇನ್ನೊಂದು. ಅಲ್ಲಿ ಹಾಕಿ, ಮುಚ್ಚಿ ತೆರೆಯಿರಿ. ನೋಟೋ ಸೆರಿಫ್ ಕನ್ನಡ ಅಚ್ಚಿನ ಪುಸ್ತಕಕ್ಕೆ ಹತ್ತಿರ. ಗೆರೆ ತೆಳು ಅನ್ನಿಸಿದರೆ ಅದರ ಮೀಡಿಯಂ ದಪ್ಪ ಹಾಕಿ, ಇ-ಇಂಕ್‌ನಲ್ಲಿ ಅದೇ ಚೆನ್ನ. ಗುಬ್ಬಿ, ನವಿಲು ಕೂಡ ಉಚಿತ. ಸಾಲಿನ ಅಂತರ ಮಾತ್ರ ಇಂಗ್ಲಿಷಿಗಿಂತ ಜಾಸ್ತಿ ಇಡಿ, ಇಲ್ಲದಿದ್ದರೆ ಒತ್ತಕ್ಷರ ಕೆಳಗಿನ ಸಾಲಿನ ತಲೆಕಟ್ಟಿಗೆ ಬಡಿಯುತ್ತದೆ.

ಧಾರವಾಡ ಫೇಡೆ

ಪ್ರಕಾಶಕರು ಕೊಟ್ಟ ಇಪಬ್‌ನ ಒಂದು ಪ್ರತಿ ಪೆನ್‌ಡ್ರೈವ್‌ನಲ್ಲೂ ಇಡ್ರಿ ಅಕ್ಕಾರ.